ಗಾಳಿಯಾಡದ ಮಣ್ಣು

2006ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಜರ್ಮನಿಯ ಫ್ರಾಂಕ್ ಕೆಪ್ಲರ್ ಮತ್ತು ಸಂಗಡಿಗರು. ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವನ್ನು ಗಿಡಮರಗಳೂ ಬಿಡುತ್ತವೆ ಅನ್ನೋದು ಅದರ ಸಾರಾಂಶ. ಅದೂ ಚೂರುಪಾರು ಅಲ್ಲ. ವರ್ಷಕ್ಕೆ 6.2 ಕೋಟಿಯಿಂದ 23.6 ಕೋಟಿ ಟನ್, ಅಂದರೆ ಗಾಳಿಗೆ ಸೇರುವ ಒಟ್ಟು ಮೀಥೇನಿನಲ್ಲಿ ಶೇ. 10ರಿಂದ 30ರಷ್ಟು. ಸುದ್ದಿಯಾಗಿ ಹರಡುವಾಗ ಇದು ಕಾಡೇ ಭೂಮಿಯನ್ನು ಬಿಸಿ ಮಾಡುತ್ತಿದೆ ಅನ್ನೋ ಮಟ್ಟಕ್ಕೆ ಹೋಯಿತು. ಕೊನೆಗೆ ಅವರ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೇ, ತಾಪಮಾನ ಏರಿದ್ದಕ್ಕೆ ಗಿಡಗಳನ್ನು ದೂರಬೇಡಿ ಎಂಬರ್ಥದ ಸ್ಪಷ್ಟನೆ ಕೊಡಬೇಕಾಯಿತು.

ಇಷ್ಟೊಂದು ಗಲಾಟೆ ಯಾಕೆ? ಮೀಥೇನ್ ಹುಟ್ಟಬೇಕಾದರೆ ಅಲ್ಲಿ ಗಾಳಿ ಆಡಬಾರದು ಅನ್ನೋದು ಅಲ್ಲಿಯವರೆಗೆ ಎಲ್ಲರೂ ಓದಿಕೊಂಡು ಬಂದ ಪಾಠ. ಗೋಬರ್ ಗ್ಯಾಸ್ ಇರುವ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗುಂಡಿಯೊಳಗೆ ಗಾಳಿ ಹೊಕ್ಕರೆ ಒಲೆ ಉರಿಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಆರ್ಕಿಯಾ ಎಂಬ ಬಹಳ ಹಳೇ ಕುಲದ ಸೂಕ್ಷ್ಮಜೀವಿಗಳು. ಆಮ್ಲಜನಕ ಕಂಡರೆ ಅವಕ್ಕೆ ಆಗುವುದಿಲ್ಲ. 1776ರಲ್ಲಿ ಇಟಲಿಯ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದಿದ್ದ. ಅದಕ್ಕೆ ಬೆಂಕಿಯನ್ನೂ ಹಚ್ಚಿ ನೋಡಿದ್ದ. ಅದೂ ಇದೇ ಅನಿಲ. ಕೊಳ್ಳಿದೆವ್ವದ ಕಥೆ ಕೇಳಿ ಬೆಳೆದವರಿಗೆ ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಜೇರ್ ತಂಡ, ನೀರಿನಲ್ಲಿ ಮೇಲೇಳುವ ಸಣ್ಣ ಮೀಥೇನ್ ಗುಳ್ಳೆಗಳ ನಡುವೆ ಪುಟ್ಟ ಪುಟ್ಟ ಮಿಂಚು ಹಾರುವುದನ್ನು ತೋರಿಸಿತು. ಜೌಗಿನಲ್ಲಿ ಕಾಣುವ ಆ ಬೆಳಕಿಗೆ ಇದೇ ಕಿಡಿ ಇರಬಹುದು ಅಂತ ಅವರ ವಾದ. ದೆವ್ವಕ್ಕೆ ಅಮೆರಿಕದಲ್ಲಿ ಲ್ಯಾಬ್ ಸಿಕ್ಕಿತು, ಅಷ್ಟೇ.

ಇರಲಿ. ಎಲೆಯ ಒಳಗೆ ಆಮ್ಲಜನಕವೇ ಆಮ್ಲಜನಕ. ಅಲ್ಲಿಂದ ಮೀಥೇನ್ ಹೇಗೆ ಬರುತ್ತದೆ ಅಂತ ಎಲ್ಲರೂ ಹುಬ್ಬೇರಿಸಿದರು. ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಒಂದು ತಂಡ ಸುಮ್ಮನೆ ವಾದ ಮಾಡದೆ ಒಂದು ಚೆಂದದ ಪ್ರಯೋಗ ಮಾಡಿತು. ಗಿಡಗಳನ್ನು ಕಾರ್ಬನ್-13 ಎಂಬ ತುಸು ಭಾರದ ಇಂಗಾಲ ತುಂಬಿದ ಗಾಳಿಯಲ್ಲಿ ಬೆಳೆಸಿದರು. ಬೇರು, ಕಾಂಡ, ಎಲೆ ಎಲ್ಲಕ್ಕೂ ಆ ಇಂಗಾಲದ ಗುರುತು ಬಿತ್ತು. ಗಿಡವೇ ಮೀಥೇನ್ ಮಾಡಿದ್ದರೆ ಆ ಮೀಥೇನ್ ಮೇಲೂ ಅದೇ ಗುರುತು ಇರಬೇಕು, ಅಲ್ವಾ? ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಇದು 2007ರ ಮಾತು. 2009ರಲ್ಲಿ ಬ್ರಿಟನ್ನಿನ ನಿಸ್ಬೆಟ್ ಮತ್ತು ಜೊತೆಗಾರರು ಇನ್ನೊಂದು ವಿವರಣೆ ಕೊಟ್ಟರು. ಮಣ್ಣಿನ ನೀರಿನಲ್ಲಿ ಕರಗಿದ ಮೀಥೇನನ್ನು ಗಿಡ ನೀರಿನ ಜೊತೆಗೇ ಎಳೆದುಕೊಂಡು ಎಲೆಯಿಂದ ಹೊರಗೆ ಬಿಡುತ್ತದೆ. ಗಿಡ ಸಾಗಿಸುತ್ತದೆ, ಮಾಡುವುದು ಮಣ್ಣು.

ಕೆಪ್ಲರ್ ಮಾತ್ರ ಸೋಲೊಪ್ಪಿ ಸುಮ್ಮನಾಗಲಿಲ್ಲ. ಎಲೆಯ ಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ವಸ್ತುವಿಗೆ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಸ್ವಲ್ಪ ಮೀಥೇನ್ ಬರುತ್ತದೆ ಅನ್ನೋದು ಮುಂದಿನ ಪ್ರಯೋಗಗಳಲ್ಲಿ ಗಟ್ಟಿಯಾಯಿತು. 2022ರಲ್ಲಿ ಅವರದೇ ಬಳಗದ ಇನ್ನೊಂದು ಲೇಖನ ‘ನೇಚರ್’ನಲ್ಲಿ ಬಂತು. ಜೀವಕೋಶದೊಳಗೆ ಉಸಿರಾಟದ ಕೆಲಸ ನಡೆಯುವಾಗ ಆಮ್ಲಜನಕದ ತುಂಬಾ ಚುರುಕಾದ ರೂಪಗಳು ಹುಟ್ಟುತ್ತವೆ. ಅವು ಕಬ್ಬಿಣದ ಜೊತೆ ಸೇರಿ ಮೀಥೈಲ್ (ಒಂದು ಇಂಗಾಲ, ಮೂರು ಹೈಡ್ರೋಜನ್ ಸೇರಿದ ತುಣುಕು) ಇರುವ ಅಣುಗಳನ್ನು ಒಡೆದಾಗ ಮೀಥೇನ್ ಬರುತ್ತದೆ. ಬ್ಯಾಕ್ಟೀರಿಯಾ, ಯೀಸ್ಟ್, ಗಿಡ, ಕೊನೆಗೆ ಮನುಷ್ಯನ ಕೋಶಗಳಲ್ಲೂ ಅವರು ಇದನ್ನು ಕಂಡರು. ಪ್ರಮಾಣ ತೀರಾ ಕಡಿಮೆ. 2006ರ ಆ ದೊಡ್ಡ ಅಂಕಿಯನ್ನು ಈಗ ಯಾರೂ ಹಿಡಿದುಕೊಂಡಿಲ್ಲ. ಆದರೆ ಗಾಳಿ ಇರುವ ಕಡೆ ಮೀಥೇನ್ ಹುಟ್ಟುವುದೇ ಇಲ್ಲ ಅನ್ನೋ ಪಾಠವೂ ಉಳಿದಿಲ್ಲ.

ನಮ್ಮ ಹೊಟ್ಟೆಯ ವಿಷಯ ಇದಕ್ಕಿಂತ ಸರಳ. ಅಲ್ಲಿ ಗಾಳಿ ಇಲ್ಲ, ಆರ್ಕಿಯಾ ಇದೆ. ಮೀಥನೋಬ್ರೆವಿಬ್ಯಾಕ್ಟರ್ ಸ್ಮಿತಿಯೈ ಅಂತ ಅದರ ಉದ್ದನೆಯ ಹೆಸರು. ದೊಡ್ಡ ಕರುಳಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಬಿಟ್ಟ ಹೈಡ್ರೋಜನ್ ತಿಂದು ಮೀಥೇನ್ ಮಾಡುತ್ತದೆ. ಅದರಲ್ಲಿ ಒಂದಷ್ಟು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಎಲ್ಲರಲ್ಲೂ ಅಲ್ಲ. ಬ್ರಿಟನ್ನಿನಲ್ಲಿ ಜನರ ಉಸಿರನ್ನು ಚೀಲಕ್ಕೆ ಊದಿಸಿ ಅಳೆದಾಗ ಶೇ. 31ರಷ್ಟು ಜನರಲ್ಲಿ ಮೀಥೇನ್ ಸಿಕ್ಕಿತು. ಮಾಂಸ ತಿನ್ನುವವರು, ತಿನ್ನದವರು ಅನ್ನೋ ವ್ಯತ್ಯಾಸವೇನೂ ಕಾಣಲಿಲ್ಲ. ಹವಾಮಾನಕ್ಕೆ ಇದರಿಂದ ಆಗುವುದು ಏನೂ ಇಲ್ಲ ಅನ್ನಬಹುದು. ಮಲಬದ್ಧತೆಗೂ ಇದಕ್ಕೂ ಮಾತ್ರ ನಂಟಿದೆ. ಲಾಸ್ ಏಂಜಲೀಸ್‌ನ ಡಾ. ಮಾರ್ಕ್ ಪಿಮೆಂಟೆಲ್ ತಂಡ ನಾಯಿಗಳ ಕರುಳಿಗೆ ಮೀಥೇನ್ ಹಾಯಿಸಿ ನೋಡಿದಾಗ ಕರುಳಿನ ಚಲನೆ ಅರ್ಧಕ್ಕಿಂತ ಜಾಸ್ತಿ ನಿಧಾನವಾಯಿತು. ಹಾಗಾಗಿ ಈಗ ಹೊಟ್ಟೆಯ ವೈದ್ಯರು ಉಸಿರಿನ ಪರೀಕ್ಷೆಯಲ್ಲಿ ಹೈಡ್ರೋಜನ್ ಜೊತೆ ಮೀಥೇನನ್ನೂ ನೋಡುತ್ತಾರೆ. ಹೊಟ್ಟೆಯುಬ್ಬರಕ್ಕೆ ಓಮದ ನೀರು ಕುಡಿದು ಸುಮ್ಮನಾಗುವ ನಮ್ಮಂಥವರಿಗೆ ಇದು ಹೊಸ ಲೋಕವೇ.

ಮರಗಳ ಕಥೆಯಲ್ಲಿ ತಿರುವು ಜಾಸ್ತಿ. 1907ರಲ್ಲೇ ಅಮೆರಿಕದ ಕಾನ್ಸಸ್‌ನಲ್ಲಿ ಬುಷಾಂಗ್ ಅನ್ನುವವರು, ಕಾಟನ್‌ವುಡ್ ಮರದ ಕಾಂಡದಿಂದ ಹೊರಬಂದ ಅನಿಲ ಹೊತ್ತಿ ಉರಿಯುತ್ತದೆ ಅಂತ ಬರೆದಿದ್ದರು. ಒಳಗೆ ಕೊಳೆತ ಮರದ ತಿರುಳಿನಲ್ಲಿ ಗಾಳಿ ಇರುವುದಿಲ್ಲ, ನೀರು ಇರುತ್ತದೆ. ಆರ್ಕಿಯಾಗಳಿಗೆ ಇನ್ನೇನು ಬೇಕು? 2012ರಲ್ಲಿ ಯೇಲ್‌ನವರು ತಮ್ಮ ಕಾಡಿನ ಮರಗಳನ್ನು ಕೊರೆದು ನೋಡಿದಾಗ ಸರಾಸರಿ 15,000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 15,000 ಪಾಲು ಮೀಥೇನ್ ಸಿಕ್ಕಿತು. ಹೊರಗಿನ ಗಾಳಿಯಲ್ಲಿ ಅದು 2 ಪಿಪಿಎಂ ಕೂಡ ಇಲ್ಲ. ಹೊರಗಿನಿಂದ ನೋಡಿದರೆ ಎಷ್ಟೋ ಮರಗಳು ಗಟ್ಟಿಮುಟ್ಟಾಗಿಯೇ ಇದ್ದವು.

ಆಮೇಲೆ ಅಮೆಜಾನ್. ಅಲ್ಲಿ ವರ್ಷಕ್ಕೊಮ್ಮೆ ನದಿ ಉಕ್ಕಿ ಕಾಡೆಲ್ಲ ನೀರಲ್ಲಿ ನಿಲ್ಲುತ್ತದೆ. ಉಪಗ್ರಹ ಮತ್ತು ವಿಮಾನದ ಲೆಕ್ಕದಲ್ಲಿ ಸಿಗುತ್ತಿದ್ದ ಮೀಥೇನ್, ನೆಲದ ಮೇಲಿನ ಲೆಕ್ಕದಲ್ಲಿ ಸಿಗುತ್ತಿರಲಿಲ್ಲ. ಸುನೀತಾ ಪಾಂಗಳ, ವಿನ್ಸೆಂಟ್ ಗೌಚಿ ಮುಂತಾದವರು ದೋಣಿಯಲ್ಲಿ ಹೋಗಿ, ನೀರಲ್ಲಿ ನಿಂತ ಎರಡು ಸಾವಿರಕ್ಕೂ ಜಾಸ್ತಿ ಮರಗಳ ಕಾಂಡಕ್ಕೆ ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಕವಚ ಕಟ್ಟಿ ಅಳೆದರು. ಕಾಣೆಯಾದ ಮೀಥೇನ್ ಅಲ್ಲಿತ್ತು. ಆ ಮರಗಳೇ ವರ್ಷಕ್ಕೆ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಾಗಿಸುತ್ತಿದ್ದವು. ಕಾಂಡದ ಬುಡದಲ್ಲಿ ಜಾಸ್ತಿ, ಮೇಲೆ ಹೋದಂತೆ ಕಡಿಮೆ. ಮಣ್ಣಿನಿಂದಲೇ ಬರುತ್ತಿದೆ ಅನ್ನೋದಕ್ಕೆ ಅದೇ ಗುರುತು. 2017ರಲ್ಲಿ ಇದು ಪ್ರಕಟವಾದಾಗ ಮರ ಮತ್ತೆ ಕಟಕಟೆಗೆ ಬಂದು ನಿಂತಿತು.

ಏಳು ವರ್ಷದ ಮೇಲೆ ಅದೇ ಗೌಚಿ ಇನ್ನೊಂದು ಫಲಿತಾಂಶ ತಂದರು. ಈ ಸಲ ನೋಡಿದ್ದು ನೀರು ನಿಲ್ಲದ ನೆಲದ ಮರಗಳನ್ನು. ಅಮೆಜಾನ್, ಪನಾಮಾ, ಇಂಗ್ಲೆಂಡ್, ಸ್ವೀಡನ್ ಎಲ್ಲ ಕಡೆ ಅಳೆದರು. ಬುಡದ ಹತ್ತಿರ ಸ್ವಲ್ಪ ಮೀಥೇನ್ ಹೊರಗೆ ಬರುತ್ತಿತ್ತು. ಆದರೆ ಒಂದಾಳೆತ್ತರಕ್ಕೆ ಹೋಗುವಷ್ಟರಲ್ಲಿ ಲೆಕ್ಕ ತಿರುಗಿತು. ತೊಗಟೆ ಗಾಳಿಯಿಂದ ಮೀಥೇನನ್ನು ಒಳಗೆ ಎಳೆದುಕೊಳ್ಳುತ್ತಿತ್ತು! ತೊಗಟೆಯಲ್ಲಿ ಮನೆಮಾಡಿಕೊಂಡ, ಮೀಥೇನ್ ತಿಂದು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಜಗತ್ತಿನ ಎಲ್ಲ ಮರಗಳ ತೊಗಟೆ ಸುಲಿದು ಹಾಸಿದರೆ ಭೂಮಿಯ ಒಟ್ಟು ನೆಲದಷ್ಟು ಜಾಗ ತುಂಬುತ್ತದಂತೆ. ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ 2.46ರಿಂದ 4.99 ಕೋಟಿ ಟನ್ ಮೀಥೇನ್ ತೊಗಟೆಗೇ ಹೋಗುತ್ತದೆ. ಇಷ್ಟು ಕಡಿಮೆ ಜಾಗದಲ್ಲಿ ಅಳೆದು ಇಡೀ ಭೂಮಿಗೆ ಗುಣಿಸಿದ ಅಂಕಿ ಇದು. 2006ರದ್ದು ಹೇಗೆ ಕರಗಿತು ಅಂತ ನೋಡಿದವನಾದ್ದರಿಂದ ಇದನ್ನೂ ನಾನು ಕಲ್ಲಿನಲ್ಲಿ ಕೆತ್ತಿಸಲು ಹೋಗುವುದಿಲ್ಲ. ಮರ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅನ್ನೋದಕ್ಕೆ ಮಾತ್ರ ಇದು ಸಾಕು. ಅದು ನಿಂತಿರುವ ಮಣ್ಣಿನಲ್ಲಿ ಗಾಳಿ ಆಡುತ್ತಿದೆಯೋ ಇಲ್ಲವೋ ಅಂತ ಕೇಳಬೇಕು.

ಈಗ ಭತ್ತಕ್ಕೆ ಬರೋಣ. ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದೇ ಗದ್ದೆಯಿಂದ. ನಾಟಿಯಾಗಿ ಒಂದು ತಿಂಗಳಾದ ಗದ್ದೆಗೆ ಇಳಿದು ನೋಡಿ. ಕಾಲಿಟ್ಟ ಕಡೆ ಗುಳುಗುಳು ಅಂತ ಗುಳ್ಳೆ ಏಳುತ್ತದೆ. ನೀರು ಕಟ್ಟಿದ ಮೇಲೆ ಮಣ್ಣಿನೊಳಗಿನ ಆಮ್ಲಜನಕ ಒಂದೆರಡು ದಿನದಲ್ಲೇ ಮುಗಿಯುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಹೀಗೆ ಒಂದೊಂದನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಅವೆಲ್ಲ ತೀರಿದ ಮೇಲೆ ಆರ್ಕಿಯಾಗಳ ಸರದಿ. ಹುಟ್ಟಿದ ಮೀಥೇನಿನಲ್ಲಿ ಗುಳ್ಳೆಯಾಗಿ ಬರುವುದು ಸ್ವಲ್ಪವೇ. ಶೇ. 90ರವರೆಗೆ ಹೊರಬರುವುದು ಪೈರಿನ ಒಳಗಿಂದ. ಭತ್ತದ ಕಾಂಡದಲ್ಲಿ ಬೇರಿಗೆ ಗಾಳಿ ಇಳಿಸಲು ಪೊಳ್ಳು ನಾಳಗಳಿವೆ. ಅದೇ ದಾರಿ ಮೀಥೇನಿಗೆ ಹೊಗೆಗೂಡಿನ ಹಾಗೆ ಒದಗುತ್ತದೆ.

ಒಂದು ಪೈರನ್ನು ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಹೊಸ ಬೇರು ಬೆಳ್ಳಗಿರುತ್ತದೆ. ಹಳೇ ಬೇರಿನ ಮೇಲೆ ಕೆಂಪು ಕಂದು ಬಣ್ಣದ ಲೇಪ. ಅದು ನಿಜವಾಗಿಯೂ ತುಕ್ಕು. ಕಾಂಡದಿಂದ ಇಳಿದ ಆಮ್ಲಜನಕ ಬೇರಿನಿಂದ ಸೋರಿ, ಸುತ್ತಲಿನ ಕೆಸರಲ್ಲಿ ಕರಗಿದ ಕಬ್ಬಿಣಕ್ಕೆ ತಾಗಿ ಅಲ್ಲೇ ತುಕ್ಕಾಗಿ ಕೂರುತ್ತದೆ. ಬೇರಿನ ಸುತ್ತ ಗಾಳಿ ಇರುವ ಈ ಕೂದಲೆಳೆಯಷ್ಟು ಜಾಗದಲ್ಲೇ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳಿವೆ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯ ಮೊನಾಲಿ ರಾಹಾಳ್ಕರ್ ತಂಡ ನಮ್ಮ ದೇಶದ ಭತ್ತದ ಗದ್ದೆಯಿಂದಲೇ ಇಂಥವನ್ನು ಬೇರ್ಪಡಿಸಿ ಸಾಕಿದೆ. ಅದರಲ್ಲೊಂದು ಸೌತೆಕಾಯಿ ಆಕಾರದ್ದು, ಹೆಸರೂ ಮಿಥೈಲೋಕುಕುಮಿಸ್ ಒರೈಜೆ.

ಜಗತ್ತಿನಲ್ಲಿ ಮನುಷ್ಯರಿಂದ ಬರುವ ಮೀಥೇನಿನಲ್ಲಿ ಭತ್ತದ ಪಾಲು ಸುಮಾರು ಶೇ. 8. ಹಾಗಾದರೆ ಭಾರತದ ಪಾಲೆಷ್ಟು? ಇಲ್ಲಿ ಒಂದು ಹಳೇ ಜಗಳ ಇದೆ. 1990ರ ಹೊತ್ತಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನಮ್ಮ ಗದ್ದೆಗಳ ಮೇಲೆ ವರ್ಷಕ್ಕೆ 3.78 ಕೋಟಿ ಟನ್ ಹೊರಿಸಿತ್ತು. ಅಳತೆ ಮಾಡಿದ್ದು ಯುರೋಪ್, ಅಮೆರಿಕದ ಗದ್ದೆಗಳಲ್ಲಿ. ಲೆಕ್ಕ ಬರೆದಿದ್ದು ನಮ್ಮ ಹೆಸರಿಗೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರು 1991ರಲ್ಲಿ ದೇಶದ ಬೇರೆ ಬೇರೆ ಕಡೆ ಗದ್ದೆಗಿಳಿದು ಅಳೆಸಿದರು. ಸಿಕ್ಕಿದ್ದು ಸುಮಾರು 40 ಲಕ್ಷ ಟನ್, ಅಂದರೆ ಹೆಚ್ಚುಕಮ್ಮಿ ಒಂಬತ್ತನೇ ಒಂದು ಪಾಲು. ನಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ಮಳೆ ನಂಬಿದ ಗದ್ದೆ ನಡುವೆ ಒಣಗುತ್ತದೆ. ದೂರದಲ್ಲಿ ಕೂತು ಗುಣಿಸುವವರಿಗೆ ಇದು ಕಾಣಲಿಲ್ಲ. ಬಡವನ ಊಟದ ಗದ್ದೆಯ ಹೊಗೆಯೂ ಸಿರಿವಂತನ ಕಾರಿನ ಹೊಗೆಯೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಆ ವರ್ಷವೇ ವಾದಿಸಿದ್ದರು. ನಾನು ಈಗಲೂ ಅವರ ಕಡೆಗೇ. 2021ರ ಜಾಗತಿಕ ಮೀಥೇನ್ ಒಪ್ಪಂದಕ್ಕೆ ಭಾರತ ಸಹಿ ಹಾಕದಿದ್ದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಹಾಗಂತ ಗದ್ದೆ ಹೇಗಿದೆಯೋ ಹಾಗೇ ಇರಲಿ ಅನ್ನೋದೂ ನನ್ನ ಮಾತಲ್ಲ. ಕಾರಣ ಅನ್ನದ ತಟ್ಟೆಯಲ್ಲಿದೆ.

ಗಾಳಿಯಾಡದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕಬ್ಬಿಣವನ್ನು ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ ಅಂದೆ. ಆಗ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕು ಕರಗುತ್ತದೆ. ತುಕ್ಕು ಹಿಡಿದಿಟ್ಟುಕೊಂಡಿದ್ದ ಆರ್ಸೆನಿಕ್ ಎಂಬ ವಿಷ ಆಗ ಬಿಡುಗಡೆಯಾಗುತ್ತದೆ. ಭತ್ತದ ಎಲೆಯ ಅಂಚು ಕೈ ಗೀರುತ್ತದಲ್ಲ, ಅದು ಸಿಲಿಕಾದಿಂದ. ಬೇರಿನಲ್ಲಿ ಸಿಲಿಕಾ ಹೀರಲು ಇರುವ ಬಾಗಿಲಲ್ಲೇ ಈ ಆರ್ಸೆನಿಕ್ ಕೂಡ ಒಳಗೆ ಬರುತ್ತದೆ. ಗಿಡಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬಂಗಾಳದ ನದೀಮುಖದ ಕಡೆ ಇದು ದೊಡ್ಡ ಸಂಕಟ. ಅಲ್ಲಿ ಬೋರ್‌ವೆಲ್ ನೀರಲ್ಲೇ ಆರ್ಸೆನಿಕ್ ಇದೆ, ಅದೇ ಗದ್ದೆಗೂ ಹರಿಯುತ್ತದೆ. ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ದಾರಿ. 2025ರಲ್ಲಿ ಲೂಯಿಸ್ ಜಿಸ್ಕಾ ಮತ್ತು ಸಂಗಡಿಗರು ಚೀನಾದ ಬಯಲು ಗದ್ದೆಗಳಲ್ಲಿ ಹತ್ತು ವರ್ಷ 28 ತಳಿ ಬೆಳೆದು ನೋಡಿದ ಫಲಿತಾಂಶ ಬಂತು. ಇಂಗಾಲದ ಡೈಆಕ್ಸೈಡ್ ಮತ್ತು ಬಿಸಿ ಎರಡೂ ಒಟ್ಟಿಗೆ ಏರಿದರೆ ಅಕ್ಕಿಯಲ್ಲಿ ಆರ್ಸೆನಿಕ್ ಜಾಸ್ತಿಯಾಗುತ್ತದೆ.

ಅಡುಗೆಮನೆಯಲ್ಲಿ ಸ್ವಲ್ಪ ಉಪಾಯ ಉಂಟು. ಶುದ್ಧ ನೀರು ಧಾರಾಳವಾಗಿ ಹಾಕಿ ಬೇಯಿಸಿ ಗಂಜಿ ಬಸಿದರೆ ಆರ್ಸೆನಿಕ್ಕಿನ ಒಂದು ದೊಡ್ಡ ಪಾಲು ಗಂಜಿಯ ಜೊತೆ ಹೋಗುತ್ತದೆ. ಕುಕ್ಕರಿನಲ್ಲಿ ಅಳತೆ ನೀರಿಟ್ಟರೆ ಎಲ್ಲ ಅನ್ನದಲ್ಲೇ ಉಳಿಯುತ್ತದೆ. ಬಸಿದಾಗ ಒಂದಷ್ಟು ಬಿ ಜೀವಸತ್ವವೂ ಹೋಗುತ್ತದೆ ಅನ್ನೋದನ್ನು ಮರೆಯಬಾರದು. ಆರ್ಸೆನಿಕ್ ಇಲ್ಲದ ಊರಿನವರು ಸುಮ್ನೆ ಹೆದರಿ ಕುಕ್ಕರ್ ಎತ್ತಿಡಬೇಕಾಗಿಲ್ಲ.

ಗದ್ದೆಯನ್ನು ನಡುನಡುವೆ ಒಣಗಲು ಬಿಟ್ಟರೆ ಮೀಥೇನೂ ಇಳಿಯುತ್ತದೆ, ಆರ್ಸೆನಿಕ್ಕೂ ಇಳಿಯುತ್ತದೆ. ಎಷ್ಟು ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ತೀರಾ ಒಣಗಿಸಿದರೆ ಕ್ಯಾಡ್ಮಿಯಂ ಎಂಬ ವಿಷಲೋಹದ ಸರದಿ. ಅದು ನೀರು ನಿಂತಾಗ ಗಂಧಕದ ಜೊತೆ ಕಟ್ಟಿಹಾಕಿಕೊಂಡಿರುತ್ತದೆ, ಗಾಳಿ ಬಂದಾಗ ಬಿಡಿಸಿಕೊಳ್ಳುತ್ತದೆ. ಜಪಾನಿನ ತೊಯಾಮಾದಲ್ಲಿ ಜಿನ್‌ಜು ನದಿಗೆ ಗಣಿಯಿಂದ ಬಂದ ಕ್ಯಾಡ್ಮಿಯಂ ಅಕ್ಕಿಗೆ ಸೇರಿ ಜನರ ಮೂಳೆಗಳೇ ಮುರಿಯುವ ಹಾಗಾಗಿತ್ತು. ಆ ರೋಗದ ಹೆಸರು ಇತಾಯಿ-ಇತಾಯಿ. ನೋವು ತಾಳದೆ ಕೂಗಿದ್ದೇ ಹೆಸರಾಯಿತು. ಸರ್ಕಾರ ಅದನ್ನು ಮಾಲಿನ್ಯದ ರೋಗ ಅಂತ ಒಪ್ಪಿಕೊಂಡಿದ್ದು 1968ರಲ್ಲಿ. ಯೂರಿಯಾ ಜಾಸ್ತಿ ಸುರಿದ ಗದ್ದೆಯಲ್ಲಿ ಒಣಗಿಸಿ ನೆನೆಸಿದರೆ ನೈಟ್ರಸ್ ಆಕ್ಸೈಡ್ ಕೂಡ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುವ ಅನಿಲ. ಸಾವಯವ ಅಂದ ಮಾತ್ರಕ್ಕೂ ಎಲ್ಲ ಸರಿಹೋಗುವುದಿಲ್ಲ. ಹಸಿರೆಲೆ ಗೊಬ್ಬರವನ್ನು ಹಸಿಯಾಗಿಯೇ ಕೆಸರಿಗೆ ತುಳಿದರೆ ಆರ್ಕಿಯಾಗಳಿಗೆ ಹಬ್ಬದೂಟ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಿಂದ ಬರುವ ಮೀಥೇನ್ ಬಹಳ ಕಡಿಮೆ.

ಇನ್ನು ಶ್ವಾಸಕೋಶ. ಮೀಥೇನ್ ನೇರವಾಗಿ ನಮ್ಮನ್ನು ಕೆಮ್ಮಿಸುವುದಿಲ್ಲ. ಬಿಸಿಲಿನಲ್ಲಿ ಬೇರೆ ಹೊಗೆಗಳ ಜೊತೆ ಸೇರಿ ನೆಲಮಟ್ಟದ ಓಜೋನ್ ಆಗುತ್ತದೆ. ಆ ಓಜೋನ್ ಆಸ್ತಮಾ ಇರುವವರನ್ನು ಕಾಡುತ್ತದೆ, ಬೆಳೆಯ ಎಲೆಯನ್ನೂ ಸುಡುತ್ತದೆ. ವಿಶ್ವಸಂಸ್ಥೆಯ 2021ರ ವರದಿ ಪ್ರಕಾರ, ಮನುಷ್ಯರಿಂದ ಬರುವ ಮೀಥೇನನ್ನು ಈ ದಶಕದಲ್ಲಿ ಶೇ. 45ರಷ್ಟು ಇಳಿಸಿದರೆ ವರ್ಷಕ್ಕೆ 2,55,000 ಅಕಾಲ ಸಾವುಗಳನ್ನು ತಪ್ಪಿಸಬಹುದು. ಇದರಲ್ಲಿ ಹೆಚ್ಚಿನ ಕೆಲಸ ಆಗಬೇಕಾದ್ದು ತೈಲ ಬಾವಿ, ಕಲ್ಲಿದ್ದಲು ಗಣಿ, ಕಸದ ಗುಡ್ಡಗಳಲ್ಲಿ. ಗದ್ದೆಯಲ್ಲಿ ಅಲ್ಲ.

ಗದ್ದೆಗೆ ವಿಜ್ಞಾನಿಗಳು ಕೊಟ್ಟ ಸಾಧನ ಒಂದು ತೂತು ಪೈಪು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಇದನ್ನು ಹರಡಿದರು. ಒಂದು ತುಂಡು ಪಿವಿಸಿ ಪೈಪಿಗೆ ಸುತ್ತ ತೂತು ಕೊರೆದು ಗದ್ದೆಯಲ್ಲಿ ನೆಟ್ಟರೆ, ಒಳಗೆ ಇಣುಕಿದಾಗ ಮಣ್ಣಿನ ಕೆಳಗೆ ನೀರು ಎಷ್ಟಿದೆ ಅಂತ ಕಾಣುತ್ತದೆ. ನೀರು ನೆಲದಿಂದ 15 ಸೆಂ.ಮೀ. ಕೆಳಗೆ ಇಳಿಯುವವರೆಗೂ ಕಾಯಬೇಕು. ಆಮೇಲೆ ಕಟ್ಟಬೇಕು. ಹೂ ಬಿಡುವ ಹೊತ್ತಲ್ಲಿ ಮಾತ್ರ ಒಣಗಿಸಬಾರದು. ಇಳುವರಿ ಕಡಿಮೆಯಾಗದೆ ನೀರು ಶೇ. 30ರವರೆಗೆ ಉಳಿಯುತ್ತದೆ, ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮಂಡ್ಯದ ಕಡೆ ನಮ್ಮ ದೊಡ್ಡಪ್ಪನಿಗೂ ಇಂಥದ್ದೊಂದು ಪೈಪು ಸಿಕ್ಕಿತ್ತು. ಯಾರೋ ತರಬೇತಿಯಲ್ಲಿ ಕೊಟ್ಟಿದ್ದರು. ನಾನು ಬಹಳ ಹುರುಪಿನಿಂದ ಆರ್ಸೆನಿಕ್, ಆರ್ಕಿಯಾ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಾಲೆ ಕಡೆ ಕೈ ತೋರಿಸಿ, “ನೀರ್ ಬಂದಾಗ ಕಟ್ಕೊಂಡ್ಬುಡ್ಬೇಕು ಕಣಪ್ಪ. ನಾಳೀಕೆ ಬತ್ತದೆ ಅಂತ ಯಾವನ್ಗೊತ್ತು?” ಅಂದರು. ಕಳೆಯ ಮಾತನ್ನೂ ಎತ್ತಿದರು. ನೀರು ನಿಂತಿದ್ದರೆ ಕಳೆ ಕಡಿಮೆ. ಒಣಗಿಸಿದರೆ ಕಳೆ ಕೀಳೋರಿಗೆ ಕೂಲಿ ಯಾರು ಕೊಡುತ್ತಾರೆ? ಪೈಪು ಈಗ ಕೊಟ್ಟಿಗೆಯ ಮೂಲೆಯಲ್ಲಿದೆ.

ಇದಕ್ಕೆ ತಳಿಯಲ್ಲೇ ಉತ್ತರ ಹುಡುಕುವವರಿದ್ದಾರೆ. ಸ್ವೀಡನ್ನಿನ ಚುವಾನ್‌ಶಿನ್ ಸುನ್ ತಂಡ 2025ರಲ್ಲಿ ಹೇಳಿದ ಪ್ರಕಾರ, ಬೇರು ಹೊರಸೂಸುವ ಫ್ಯೂಮರೇಟ್ ಎಂಬ ವಸ್ತು ಆರ್ಕಿಯಾಗಳಿಗೆ ಮೇವು, ಎಥನಾಲ್ ಅವಕ್ಕೆ ತಡೆ. ಫ್ಯೂಮರೇಟ್ ಕಡಿಮೆ, ಎಥನಾಲ್ ಜಾಸ್ತಿ ಇರುವ ತಳಿಯನ್ನು ಮಾಮೂಲಿ ತಳಿ ಸಂಕರಣದ ವಿಧಾನದಿಂದಲೇ ಪಡೆದಾಗ ಮೀಥೇನ್ ಶೇ. 70ರಷ್ಟು ಇಳಿಯಿತು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ (ಜಿಕೆವಿಕೆ) ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದ ಕೆಲಸ ಇದಕ್ಕಿಂತ ಹಿಂದೆಯೇ ಆಗಿದೆ. ಎಂಎಎಸ್ 946-1 ತಳಿ ಬಂದಿದ್ದು 2007ರಲ್ಲಿ. ರಾಗಿ ಹೊಲದಂತೆ ನೇರ ಬಿತ್ತಿ ಬೆಳೆಯಬಹುದು. ಬೋರ್‌ವೆಲ್ ನಂಬಿದವರಿಗೆ ಇದು ಹೊಂದುತ್ತದೆ. ಅವರ ಪಂಪಿನ ಗುಂಡಿ ಅವರ ಕೈಯಲ್ಲೇ ಇದೆ.

ನಾಲೆಯ ರೈತನ ಕೈಯಲ್ಲಿ ಗುಂಡಿ ಇಲ್ಲ. ನೀರು ಕಡಿಮೆಯಾದ ವರ್ಷ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕೆಲವು ದಿನ ಹರಿಸೋದು, ಕೆಲವು ದಿನ ನಿಲ್ಲಿಸೋದು. ಯೋಚಿಸಿ ನೋಡಿದರೆ ಇದೂ ಒಂದು ನಮೂನೆಯ ನೆನೆಸಿ ಒಣಗಿಸುವ ಪದ್ಧತಿಯೇ. ಆದರೆ ನಿಲ್ಲಿಸುವ ದಿನಗಳನ್ನು ಲೆಕ್ಕ ಹಾಕುವುದು ಜಲಾಶಯದ ಮಟ್ಟ ನೋಡಿ, ಗದ್ದೆಯ ಪೈಪಿನೊಳಗೆ ಇಣುಕಿ ಅಲ್ಲ. ಬಿಡುವ ತಾರೀಖನ್ನು ಮೊದಲೇ ಹೇಳಿ, ಹೇಳಿದ ತಾರೀಖಿಗೆ ಕೊನೇ ಭಾಗದ ಗದ್ದೆಯವರೆಗೂ ನೀರು ಮುಟ್ಟಿಸಿದರೆ, ದೊಡ್ಡಪ್ಪನಂಥವರು ಪೈಪಿಲ್ಲದೆಯೂ ಗದ್ದೆ ಒಣಗಲು ಬಿಡುತ್ತಾರೆ. ಪೈಪು ಹಂಚುವ ಇಲಾಖೆಯವರೂ ತೂಬು ತೆಗೆಯುವ ಇಲಾಖೆಯವರೂ ಹಂಗಾಮು ಶುರುವಾಗುವ ಮುಂಚೆ ಒಮ್ಮೆ ಒಂದೇ ಮೇಜಿಗೆ ಕೂತು ಆ ತಾರೀಖುಗಳ ಪಟ್ಟಿ ಮಾಡಿ ಪಂಚಾಯಿತಿ ಗೋಡೆಗೆ ಅಂಟಿಸಲಿ.